ಬೋರಲಿಂಗಯ್ಯನ ಟೀ

ಒಂದು ಜಿಲ್ಲೆಯ ರಸ್ತೆ ಸುರಕ್ಷತಾ ಕಚೇರಿಯಲ್ಲಿ ಒಬ್ಬ ಗುಮಾಸ್ತನಿದ್ದ. ಆ ವರ್ಷ ಅಪಘಾತದ ಸಾವು ಇಪ್ಪತ್ನಾಲ್ಕು ದಾಟಬಾರದು ಅಂತ ಅಲ್ಲಿಯ ಸಾಹೇಬರು ಗುರಿ ಇಟ್ಟಿದ್ದರು. ಸತ್ತವರು ಮೂವತ್ತೊಂದು ಜನ.

"ಏಳು ಹೆಸರು ತೆಗೆದು ಗಾಯಾಳುಗಳ ಪಟ್ಟಿಗೆ ಹಾಕಯ್ಯ. ಗುರಿ ಮುಟ್ಟಿದ್ದೇವೆ ಅಂತ ನಾಳೆ ಸಭೆಯಲ್ಲಿ ಓದಬೇಕು. ಇಲ್ಲದಿದ್ದರೆ ನಿನಗೆ ಎತ್ತಂಗಡಿ," ಎಂದರು ಸಾಹೇಬರು.

"ಆಗಲಿ ಸಾರ್. ಗಾಯಾಳುಗಳನ್ನು ಸಭೆಗೆ ಕರೆದು ಕೂರಿಸೋದು ನಮ್ಮ ಪದ್ಧತಿ. ಎಲ್ಲರಿಗೂ ಕುರ್ಚಿ ಹಾಕಿಸಲಾ?"

"ಹಾಕಿಸು. ಒಬ್ಬರನ್ನೂ ಬಿಡಬೇಡ."

ಮರುದಿನ ಸಭೆ ತುಂಬಿತ್ತು. ಮುಂದಿನ ಸಾಲಿನ ಏಳು ಕುರ್ಚಿ ಮಾತ್ರ ಖಾಲಿ. ಒಂದೊಂದಕ್ಕೂ ಹೆಸರಿನ ಚೀಟಿ ಅಂಟಿಸಿತ್ತು. ಎದುರಿನ ಬೆಂಚಿನ ಮೇಲೆ ಏಳು ಲೋಟ ಟೀ ಹಬೆಯಾಡುತ್ತಿತ್ತು.

"ಇವರೆಲ್ಲ ಯಾರಯ್ಯಾ? ಯಾಕೆ ಬಂದಿಲ್ಲ?"

ಗುಮಾಸ್ತ ಕಿವಿಯ ಹತ್ತಿರ ಬಗ್ಗಿದ. "ನಿನ್ನೆ ನೀವು ಬದುಕಿಸಿದವರು ಸಾರ್. ಹಾಜರಿ ಕರೀರಿ, ಬಂದರೂ ಬರಬಹುದು."

ಜನ ನೋಡುತ್ತಿದ್ದರು. ಸಾಹೇಬರು ಮೊದಲ ಚೀಟಿ ನೋಡಿ, "ಬೋರಲಿಂಗಯ್ಯ," ಎಂದರು.

ಫ್ಯಾನು ನಿಂತಿತು. ಮೊದಲನೆಯ ಕುರ್ಚಿ ಕಿರ್ರೆಂದಿತು.

ಸಾಹೇಬರು ಎರಡನೆಯ ಹೆಸರು ಕರೆಯಲೇ ಇಲ್ಲ. ವರದಿಯಲ್ಲಿ ಇಪ್ಪತ್ನಾಲ್ಕನ್ನು ಹೊಡೆದು ಮೂವತ್ತೊಂದು ಅಂತ ಬರೆದರು. ಗುರಿ ತಪ್ಪಿದೆ ಅಂತ ಓದಿ, ಸಹಿ ಹಾಕಿದರು.

ಜನ ಹೋದ ಮೇಲೆ ಗುಮಾಸ್ತ ನಗುತ್ತಾ ಲೋಟ ಎತ್ತಲು ಹೋದ. ಆರು ಲೋಟದಲ್ಲಿ ಟೀ ತಣ್ಣಗಾಗಿ ಕೆನೆಗಟ್ಟಿತ್ತು. ಬೋರಲಿಂಗಯ್ಯನ ಲೋಟ ಖಾಲಿ. ಗುಮಾಸ್ತನ ನಗು ಅಲ್ಲೇ ನಿಂತಿತು.

"ನೀನೇ ಕುಡಿದೆ ಅಂತ ಹೇಳಿಬಿಡಯ್ಯಾ," ಸಾಹೇಬರು ಅಂಗಲಾಚಿದರು.

"ಸುಳ್ಳು ವರದಿ ಕೊಡಲಾರೆ ಸಾರ್," ಎಂದ ಗುಮಾಸ್ತ.