ಮಗ್ಗ ಬಿಟ್ಟು ಎದ್ದವನು

"ಗುರುಗಳೇ, ಕೆರೆಯ ಹೂಳೆತ್ತೋಣವೋ, ಮಠದ ಮುಂದೆ ಚಪ್ಪರ ಹಾಕೋಣವೋ ಎಂದು ಮನೆಮನೆಗೂ ಹೋಗಿ ಕೇಳಿದೆ. ಎಲ್ಲರೂ ಚಪ್ಪರವೇ ಸಾಕು ಅಂದರು. ಈ ಜನರ ಮನಸ್ಸು ಇಷ್ಟೇನಾ?" ಎಂದು ಶಿಷ್ಯ ಕರಿಬಸವ ಬೇಸರದಿಂದ ಕೇಳಿದ.

"ಅಯ್ಯೋ ಮಾರಾಯ, ಅಷ್ಟು ಬೇಗ ಜನರನ್ನು ಅಳೆದುಬಿಟ್ಟೆಯಾ? ಕೂತುಕೋ" ಎಂದು ಗುರುಗಳು ಹೇಳತೊಡಗಿದರು.

ಒಂದು ಊರು. ಊರಿಗೂ ಕುಂಬಾರಗೇರಿಗೂ ನಡುವೆ ಒಂದು ಹಳ್ಳ. ಊರಿನ ಗೌಡ ಒಳ್ಳೆಯವನೇ, ನಿನ್ನ ಹಾಗೆ ಕೇಳುವ ಚಪಲ ಮಾತ್ರ ಜಾಸ್ತಿ. ಅವನು ಮನೆಮನೆಗೆ ಹೋಗಿ, "ಹಳ್ಳಕ್ಕೆ ಸೇತುವೆಯಾದರೆ ಮನೆಗೊಬ್ಬರು ಒಂದು ತಿಂಗಳು ಕಲ್ಲು ಹೊರಬೇಕು. ಚಾವಡಿಗೆ ಹೊಸ ಹೆಂಚಾದರೆ ಎರಡೇ ದಿನದ ಕೆಲಸ. ಯಾವುದು ಬೇಕು?" ಎಂದು ಕೇಳಿದ. ಊರೆಲ್ಲ ಹೆಂಚೇ ಸಾಕು ಅಂದಿತು. ಒಬ್ಬ ನೇಕಾರನಂತೂ ಮಗ್ಗದಿಂದ ತಲೆ ಎತ್ತಲೇ ಇಲ್ಲ. "ಹಳ್ಳ ದಾಟುವ ಕೆಲಸ ನನಗೇನಿದೆ ಗೌಡರೇ? ಹೆಂಚು ಹಾಕಿಸಿ" ಅಂದ. ಗೌಡ ಹೆಂಚು ತರಿಸಿದ.

ಆ ಮಳೆಗಾಲ ಒಂದು ಮಧ್ಯಾಹ್ನ ಹಳ್ಳ ಉಕ್ಕಿತು. ಆಚೆ ದಡದಲ್ಲಿ ಒಬ್ಬ ಕುಂಬಾರ ನಿಂತು ಬಾಯಿ ಬಡಿದುಕೊಳ್ಳುತ್ತಿದ್ದ. ಅವನ ಹೆಂಡತಿಗೆ ಬೆಳಗಿನಿಂದ ಹೆರಿಗೆ ನೋವು, ಕೂಸು ಅಡ್ಡ ತಿರುಗಿದೆ. ಸೂಲಗಿತ್ತಿ ಇದ್ದದ್ದು ಈಚೆ ದಡದಲ್ಲಿ. ಬಾವಿಯ ಹಗ್ಗ ತಂದರು, ಸಾಲಲಿಲ್ಲ. ಆಗ ನೇಕಾರ ಮಗ್ಗದ ಗುಣಿಯಿಂದ ಎದ್ದ. ಎರಡು ತಿಂಗಳ ಅನ್ನವಾಗಿದ್ದ, ಮಗ್ಗಕ್ಕೆ ಉದ್ದಕ್ಕೆ ಬಿಗಿದಿದ್ದ ಹಾಸಿನ ನೂಲನ್ನೆಲ್ಲ ಕತ್ತರಿಸಿ ತಂದ. ಅದನ್ನು ಹುರಿ ಮಾಡಿ ಬಾವಿಯ ಹಗ್ಗಕ್ಕೆ ಸೇರಿಸಿ, ತುದಿಗೆ ಕಲ್ಲು ಕಟ್ಟಿ ಆಚೆಗೆ ಎಸೆದ. ಕುಂಬಾರ ಅದನ್ನು ಮರಕ್ಕೆ ಬಿಗಿದ. ಹೆಂಚೇ ಸಾಕು ಅಂದಿದ್ದ ಜನರೇ ಹಗ್ಗ ಹಿಡಿದು ಎದೆಮಟ್ಟದ ನೀರಿನಲ್ಲಿ ಸಾಲಾಗಿ ನಿಂತು, ಸೂಲಗಿತ್ತಿಯನ್ನು ಹೆಗಲಿಂದ ಹೆಗಲಿಗೆ ದಾಟಿಸಿದರು. ತಾಯಿ ಉಳಿದಳು, ಕೂಸು ಅತ್ತಿತು. ಕುಂಬಾರ ಒಬ್ಬೊಬ್ಬರ ಕಾಲಿಗೂ ಬಿದ್ದ.

ಗೌಡನಿಗೆ ತಡೆಯಲಾಗಲಿಲ್ಲ. "ಸೇತುವೆ ಬೇಡ ಅಂದವನು ನೀನೇ ಅಲ್ಲವೇನಯ್ಯಾ?" ಎಂದು ನೇಕಾರನನ್ನು ಕೇಳಿದ.

"ನೀವು ಕಲ್ಲು ಹೊರುವ ಮಾತಾಡಿದಿರಿ ಗೌಡರೇ. ಈ ತಾಯಿಯ ಮಾತು ಎತ್ತಲೇ ಇಲ್ಲವಲ್ಲ" ಅಂದ ನೇಕಾರ.

ಮಳೆ ನಿಂತ ಮೇಲೆ ಊರವರು, ಯಾರೂ ಕೇಳದಿದ್ದರೂ, ಸೇತುವೆಗೆ ಕಲ್ಲು ಹೊತ್ತರು.

ಕರಿಬಸವ ಅಷ್ಟಕ್ಕೇ ಬಿಡಲಿಲ್ಲ. "ಆದರೂ ಗುರುಗಳೇ, ಮೊದಲು ಅವರು ಹೇಳಿದ್ದು ಸುಳ್ಳೇ ತಾನೇ?"

ಗುರುಗಳು ಎರಡೂ ಕೈ ಮುಗಿದು ಹೇಳಿದರು: "ಅವರನ್ನು ಸುಳ್ಳುಗಾರರು ಅನ್ನಲು ನನಗೆ ಬಾಯಿ ಬರುವುದಿಲ್ಲಪ್ಪ, ಅಂದು ಹುಟ್ಟಿದ ಕೂಸು ನಾನೇ."