ಕುಡಿಕೆಯೊಳಗಿನ ಹೆಸರು

"ಗುರುಗಳೇ, ಒಮ್ಮೆ ಹೋದ ನಂಬಿಕೆ ತಿರುಗಿ ಬಂತು ಅಂತ ತಿಳಿಯುವುದು ಹೇಗೆ?"

ಚನ್ನಮಲ್ಲ ಇದನ್ನು ಕೇಳಿದ್ದು ಮಧ್ಯಾಹ್ನದ ಪ್ರಸಾದ ಮುಗಿದ ಮೇಲೆ. ಮಠದ ಚೀಟಿ ಪೆಟ್ಟಿಗೆ ಅವನ ವಶದಲ್ಲಿತ್ತು. ಬಾಯಿಬಿಟ್ಟು ಹೇಳಲಾಗದ ಕಷ್ಟಗಳನ್ನು ಭಕ್ತರು ಚೀಟಿಯಲ್ಲಿ ಬರೆದು ಅದರೊಳಗೆ ಹಾಕುತ್ತಿದ್ದರು. ಓದುವವರು ಗುರುಗಳೊಬ್ಬರೇ. ಕೀಲಿಕೈ ಮಾತ್ರ ಚನ್ನಮಲ್ಲನ ಉಡಿದಾರದಲ್ಲಿ ಇರುತ್ತಿತ್ತು. ಈಗಲೂ ಅದನ್ನು ಬೆರಳಲ್ಲಿ ತಿರುಗಿಸುತ್ತಾ, "ಪರಿಚಯದವರೊಬ್ಬರು ಕೇಳುತ್ತಿದ್ದರು" ಎಂದು ಸೇರಿಸಿದ.

ಗುರುಗಳು ಬಿಸಿಲಿಗೆ ಕಣ್ಣು ಅರೆ ಮುಚ್ಚಿ ಕೂತಿದ್ದರು. "ಹಾಗಾದರೆ ಪರಿಚಯದವರಿಗೆ ಈ ಕತೆ ಹೇಳು" ಎಂದು ಶುರುಮಾಡಿದರು.

ಒಬ್ಬ ವರ್ತಕನಿದ್ದ. ಅವನು ಮಾರುತ್ತಿದ್ದದ್ದು ಆಟವನ್ನು. ಐದು ಗುಡ್ಡಗಳ ನೆತ್ತಿಯ ಮೇಲೆ ಐದು ಮಂಟಪ ಕಟ್ಟಿಸಿದ್ದ. ಪ್ರತಿ ಮಂಟಪದಲ್ಲೂ ಒಂದು ಪಗಡೆಯ ಹಾಸು, ಒಂದು ಆಳೆತ್ತರದ ಕನ್ನಡಿ. ಈ ಗುಡ್ಡದಲ್ಲಿ ಕೂತವರು ಕಾಯಿ ನಡೆಸಿದರೆ ಕನ್ನಡಿ ಬಿಸಿಲು ಹಿಡಿದು ಮಿನುಗುತ್ತಿತ್ತು. ಆ ಗುಡ್ಡದವರು ಮಿನುಗು ಎಣಿಸಿ ತಮ್ಮ ಹಾಸಿನ ಮೇಲೂ ಅದೇ ಕಾಯಿ ನಡೆಸುತ್ತಿದ್ದರು. ಅಕ್ಷರಗಳಿಗೂ ಮಿನುಗಿನ ಲೆಕ್ಕವಿತ್ತು. ಎದುರಾಳಿಯನ್ನು ಕಿಚಾಯಿಸದೆ ಪಗಡೆಯಾಡುವುದು ಯಾರಿಂದ ತಾನೇ ಆದೀತು? ಕೆಳಗೆ ಮೋಡ, ಮೇಲೆ ಬೆಳಕು, ನಡುವೆ ಆಟ. ಹೊತ್ತು ಹೋದದ್ದೇ ಯಾರಿಗೂ ತಿಳಿಯುತ್ತಿರಲಿಲ್ಲ.

ಆಡುವವರು ಮುಖಕ್ಕೆ ತೆಳುವಾದ ಮುಸುಕು ಹಾಕಿಕೊಳ್ಳುತ್ತಿದ್ದರು. ಒಬ್ಬೊಬ್ಬರಿಗೂ ಒಂದೊಂದು ಆಟದ ಹೆಸರು. ದೂರದ ಪೇಟೆಯಿಂದ ಬರುವ ಬಟ್ಟೆ ಒಗೆಯುವ ಮುದುಕಿಯೊಬ್ಬಳು ಅಲ್ಲಿ ಏಳು ಕೋಟೆಯ ದೊರೆ. ಸೊಸೆಯರ ಮುಂದೆ ತುಟಿ ಬಿಚ್ಚದವಳು ಗುಡ್ಡ ಹತ್ತಿದ ಮೇಲೆ ಸೇನೆ ನಡೆಸುತ್ತಿದ್ದಳು.

ನಿಜವಾದ ಹೆಸರನ್ನು ತಾಳೆಗರಿಯಲ್ಲಿ ಬರೆದು, ಊರು ಮನೆ ಸೇರಿಸಿ, ಆಟದ ಹೆಸರು ಗೀಚಿದ ಮಣ್ಣಿನ ಕುಡಿಕೆಯಲ್ಲಿಟ್ಟು ಅರಗಿನ ಮುದ್ರೆ ಒತ್ತುತ್ತಿದ್ದರು. ಆಡುತ್ತಾ ಕೂತಲ್ಲೇ ಯಾರಿಗಾದರೂ ಏನಾದರೂ ಆದರೆ ಮನೆಗೆ ಸುದ್ದಿ ಮುಟ್ಟಬೇಕಲ್ಲ, ಅದಕ್ಕೆ. ಆ ಒಂದು ಗಳಿಗೆಗಲ್ಲದೆ ಕುಡಿಕೆ ತೆರೆಯುವುದಿಲ್ಲ ಎಂದು ವರ್ತಕ ಮಾತು ಕೊಟ್ಟಿದ್ದ. ಐದೂ ಗುಡ್ಡದ ಕುಡಿಕೆಗಳು ಮೊದಲ ಗುಡ್ಡದ ಗೋಡೆಗೂಡಿನಲ್ಲಿ ಸಾಲಾಗಿ ಕೂತಿರುತ್ತಿದ್ದವು. ವರ್ತಕ ಇರುತ್ತಿದ್ದದ್ದೂ ಅಲ್ಲೇ.

ಒಂದು ಬೆಳಿಗ್ಗೆ ಅವನು ಗೂಡಿನ ಮುಂದೆ ನಿಂತ. ಮುದ್ರೆಗಳೆಲ್ಲ ಸೊಟ್ಟಗಿದ್ದವು. ಯಾರೋ ಕುಡಿಕೆಗಳನ್ನು ತೆರೆದು, ಓದಿ, ಮತ್ತೆ ಅರಗು ಮೆತ್ತಿ ಹೋಗಿದ್ದರು. ಒಂದು ಗರಿಯೂ ಕಳುವಾಗಿರಲಿಲ್ಲ. ವರ್ತಕ ತನಗೆ ತಾನೇ ಸಮಾಧಾನ ಹೇಳಿಕೊಂಡ. ಇಟ್ಟದ್ದೆಲ್ಲ ಇಟ್ಟಲ್ಲೇ ಇದೆ, ಹೋದದ್ದೇನು? ಹೇಳಿದರೆ ಜನ ಹೆದರುತ್ತಾರೆ. ಗೂಡಿಗೆ ಬಾಗಿಲು ಇಡಿಸಿದ. ಬಾಗಿಲಿಗೆ ಹಿತ್ತಾಳೆಯ ಬೀಗ ಹಾಕಿಸಿದ. ಎರಡು ಹಿಡಿ ಅಗಲದ ಬೀಗ, ಬಿಸಿಲಿಗೆ ಕನ್ನಡಿಯ ಹಾಗೇ ಹೊಳೆಯುತ್ತಿತ್ತು.

ಮುದುಕಿ ಅದನ್ನು ನೋಡಿದಳು. "ಇದ್ಯಾಕಪ್ಪ ಹೊಸ ಬೀಗ?"

"ಹಳೇದು ತುಕ್ಕು ಹಿಡಿದಿತ್ತಮ್ಮ" ಎಂದ ವರ್ತಕ.

ಹಳೆಯ ಬೀಗವೇ ಇರಲಿಲ್ಲ. ಮುದುಕಿ ಅಷ್ಟು ವರ್ಷ ಅಲ್ಲಿಗೆ ಬಂದವಳು, ಅವಳಿಗೂ ಅದು ಗೊತ್ತಿತ್ತು. ಹಾಸಿನ ಮುಂದೆ ಹೋಗಿ ಕೂತಳು.

ಬೀಗ ಬಿದ್ದ ಒಂಬತ್ತನೆಯ ದಿನ ಪೇಟೆಯ ಸಂತೆಗೋಡೆಯ ಮೇಲೆ ಸುಣ್ಣದ ಬರಹ ಕಾಣಿಸಿತು. ಒಂದು ಸಾಲಿನಲ್ಲಿ ಆಟದ ಹೆಸರು, ಪಕ್ಕದಲ್ಲೇ ನಿಜವಾದ ಹೆಸರು, ಊರು, ಮನೆ. ಬರೆದವರು ಯಾರೆಂದು ಕಡೆಗೂ ತಿಳಿಯಲಿಲ್ಲ. ಮುದುಕಿ ಬಟ್ಟೆಯ ಗಂಟು ಹೊತ್ತು ಹಳ್ಳಕ್ಕೆ ಇಳಿದಾಗ ಯಾರೋ, "ದಾರಿ ಬಿಡ್ರಪ್ಪಾ, ದೊರೆಗಳು ಬಂದ್ರು" ಎಂದರು. ಇಡೀ ಹಳ್ಳ ನಕ್ಕಿತು. ಅವಳು ಆ ದಿನ ಬಟ್ಟೆ ಒಗೆಯದೆ ಮನೆಗೆ ಹೋದಳು. ಅವಳಿಗಿದ್ದದ್ದು ಆ ಒಂದು ರಾಜ್ಯ. ಅದೂ ಹೋಯಿತು.

ಮಂಟಪಗಳು ಖಾಲಿಯಾದವು. ಕನ್ನಡಿಗಳು ಬರಿ ಆಕಾಶವನ್ನು ನೋಡುತ್ತಾ ನಿಂತವು. ವರ್ತಕನಿಗೆ ಅನ್ನ ಸೇರಲಿಲ್ಲ. ಗೋಡೆಗೆ ಸುಣ್ಣ ಬಳಿಸಿದ. ಹಳೆಯ ಗರಿಗಳನ್ನೆಲ್ಲ ಸುಟ್ಟ. ಊರೂರಿಗೆ ಡಂಗುರ ಹೊಡೆಸಿದ. ಆದದ್ದು ಸಣ್ಣ ವಿಷಯ, ಈಗ ಎಲ್ಲ ಭದ್ರ, ಎಲ್ಲರಿಗೂ ಹೊಸ ಆಟದ ಹೆಸರು, ಒಂದು ತಿಂಗಳು ಬಂದವರಿಗೆಲ್ಲ ಮಂಡಕ್ಕಿ ಬೆಲ್ಲ. ತನಗೆ ಯಾವಾಗ ಗೊತ್ತಾಯಿತು ಎಂಬ ಮಾತು ಡಂಗುರದಲ್ಲಿ ಇರಲಿಲ್ಲ.

ಜನ ಬಂದರು. ಆಟದ ರುಚಿ ಅಂಥದು. ಮೊದಲಿಗಿಂತ ಹೆಚ್ಚೇ ಬಂದರು. ಹೊಸ ಗರಿ ಕೇಳಿದಾಗ ಯಾರೂ ಹಿಂದೆಮುಂದೆ ನೋಡಲಿಲ್ಲ, ಸರಸರನೆ ಬರೆದು ಕುಡಿಕೆಗೆ ಹಾಕಿದರು. ಗೂಡು ತುಂಬಿತು. ಕನ್ನಡಿಗಳು ಮತ್ತೆ ಮಿನುಗಿದವು. ನಂಬಿಕೆ ತಿರುಗಿ ಬಂತು ಎಂದುಕೊಂಡ ವರ್ತಕ. ಆ ತಿಂಗಳು ಅವನು ಮೋಡದ ಮೇಲೆ ನಡೆದಾಡಿದ. ಒಂದು ಸಂಗತಿಯನ್ನು ಮಾತ್ರ ಅವನು ಗಮನಿಸಲಿಲ್ಲ. ಗೋಡೆಯ ಬರಹ ಕಂಡ ಮೇಲೆ ದೂರ ನಡೆಯಬಲ್ಲವರು ಯಾರೂ ತಮ್ಮ ಊರಿನ ಗುಡ್ಡ ಹತ್ತುತ್ತಿರಲಿಲ್ಲ. ಇಲ್ಲಿಯವರು ಅಲ್ಲಿಗೆ, ಅಲ್ಲಿಯವರು ಇಲ್ಲಿಗೆ. ಗುರುತಿನವರು ಯಾರೂ ಪಕ್ಕದಲ್ಲಿ ಇರಬಾರದು ಎಂದು.

ಒಂದು ಬೆಳಿಗ್ಗೆ ಮೊದಲ ಗುಡ್ಡದಲ್ಲಿ ಒಬ್ಬ ಅಜ್ಜ ದಾಳ ಎತ್ತಿದವನು ಹಾಗೇ ಪಕ್ಕಕ್ಕೆ ವಾಲಿದ. ದಾಳ ಉರುಳಿ ಹಾಸಿನ ಆಚೆ ಹೋಯಿತು. ಮುಸುಕು ತೆಗೆದರು. ಗದ್ದದ ಮೇಲೊಂದು ಹಳೆಯ ಗಾಯದ ಗುರುತು. ಅಲ್ಲಿದ್ದವರಲ್ಲಿ ಒಬ್ಬರಿಗೂ ಆ ಮುಖದ ಪರಿಚಯವಿರಲಿಲ್ಲ. ಉಸಿರಿತ್ತು. ತುಟಿ ಏನೋ ಹೇಳಲು ಹವಣಿಸುತ್ತಿತ್ತು, ಮಾತು ಹೊರಡುತ್ತಿರಲಿಲ್ಲ.

ವರ್ತಕ ಬೀಗ ತೆಗೆದು ಅವನ ಕುಡಿಕೆ ಒಡೆದ. ಗರಿಯಲ್ಲಿ ಒಂದು ಹೆಸರಿತ್ತು. ಐದನೆಯ ಗುಡ್ಡದಾಚೆ, ಕಡಲ ದಂಡೆಯ ಊರು, ತೆಂಗಿನ ಮರದ ಎದುರು ಮನೆ. ವರ್ತಕ ಕನ್ನಡಿ ತಿರುಗಿಸಿದ. ಸುದ್ದಿ ಗುಡ್ಡದಿಂದ ಗುಡ್ಡಕ್ಕೆ ಹಾರಿತು. ಮಧ್ಯಾಹ್ನ ದಾಟಿದ ಮೇಲೆ ಮರಳಿ ಬಂದ ಮಿನುಗನ್ನು ಅವನು ಎಣಿಸಿದ. ಆ ಹೆಸರಿನವರು ಇಲ್ಲ. ಆ ಮನೆ ಇಲ್ಲ. ಆ ಊರೇ ಇಲ್ಲ.

ಅವನು ಪಕ್ಕದ ಕುಡಿಕೆ ಒಡೆದ. ಊರು, ಚಂದ್ರಲೋಕ. ಇನ್ನೊಂದು ಒಡೆದ. ಹೆಸರು, ಯಾರೂ ಅಲ್ಲ. ಸಾಲು ಸಾಲನ್ನೇ ಒಡೆಯುತ್ತಾ ಹೋದ. ಗೂಡಿನ ತುಂಬ ಇದ್ದದ್ದು ಹುಟ್ಟದವರ ಹೆಸರುಗಳು. ಅಷ್ಟು ದೊಡ್ಡ ಬೀಗ ಹಾಕಿ ಅವನು ಕಾದದ್ದು ಅವನ್ನು.

ಮುದುಕಿ ಅಜ್ಜನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಾಳಿ ಬೀಸುತ್ತಿದ್ದಳು.

"ನೀನೂ ಸುಳ್ಳೇ ಬರೆದ್ಯೇನಮ್ಮ?" ಎಂದ ವರ್ತಕ.

"ಬೀಗಕ್ಕೆ ತುಕ್ಕು ಅಂದ್ಯಲ್ಲಪ್ಪ" ಎಂದಳು ಮುದುಕಿ. "ನೀನು ಒಂದು ಹೇಳ್ದೆ. ನಾವೂ ಒಂದೊಂದು ಹೇಳಿದ್ವಿ."

ವರ್ತಕ ಮತ್ತೆ ಕನ್ನಡಿಯ ಹತ್ತಿರ ಹೋದ. ಗದ್ದದ ಮೇಲೆ ಗಾಯವಿರುವ ಅಜ್ಜ, ಯಾರ ಮನೆಯವರು, ಹೇಳಿ ಎಂದು ಉಳಿದ ನಾಲ್ಕೂ ಗುಡ್ಡಕ್ಕೆ ಕೇಳಿದ. ಕಡೆಗೆ ಎರಡನೆಯ ಗುಡ್ಡ ಒಂದೇ ಮಾತು ಮಿನುಗಿತು. ಕುಡಿಕೆಗಳನ್ನು ಇಟ್ಟುಕೊಂಡವನು ನೀನು, ನಮ್ಮನ್ನೇಕೆ ಕೇಳುತ್ತೀ, ನಮ್ಮ ಬಾಯಿಂದ ಹೆಸರು ಹೊರಡಿಸುವ ಹೊಸ ಉಪಾಯವೇ ಇದು?

ಬಿಸಿಲು ಬಾಡುತ್ತಿತ್ತು. ಬಿಸಿಲು ಹೋದರೆ ಕನ್ನಡಿಗೆ ಮಾತಿಲ್ಲ. ಅಜ್ಜನ ಉಸಿರೂ ಸಣ್ಣಗಾಗುತ್ತಿತ್ತು. ವರ್ತಕನಿಗೆ ಆಗ ವ್ಯಾಪಾರವೂ ನೆನಪಾಗಲಿಲ್ಲ, ತನ್ನ ಮರ್ಯಾದೆಯೂ ನೆನಪಾಗಲಿಲ್ಲ. ಎರಡೂ ಕೈಯಲ್ಲಿ ಕನ್ನಡಿ ಹಿಡಿದು ಅಕ್ಷರ ಅಕ್ಷರವಾಗಿ ಕಳಿಸಿದ. ಕುಡಿಕೆಗಳನ್ನು ಯಾರೋ ತೆರೆದಿದ್ದರು. ಮೊದಲ ದಿನವೇ ನನಗೆ ಗೊತ್ತಿತ್ತು. ಮುಚ್ಚಿಟ್ಟೆ. ನೀವೆಲ್ಲ ಸುಳ್ಳು ಹೆಸರು ಬರೆದದ್ದು ನನ್ನಿಂದ. ಈಗ ಇವರ ಮನೆ ಯಾವುದೋ ನನಗೆ ಗೊತ್ತಿಲ್ಲ. ಅಷ್ಟು ಉದ್ದದ ಮಾತನ್ನು ಆ ಕನ್ನಡಿ ಎಂದೂ ಆಡಿರಲಿಲ್ಲ.

ಬಿಸಿಲು ಗುಡ್ಡದ ಅಂಚಿಗೆ ಇಳಿಯಿತು. ಆಮೇಲೆ ಮೂರನೆಯ ಗುಡ್ಡದಲ್ಲಿ ಕೆಂಪಗೆ ಒಂದು ಮಿನುಗು ಎದ್ದಿತು. ಬರುಬರುತ್ತಾ ಮಂಕಾಗುತ್ತಿದ್ದ ಬೆಳಕಿನಲ್ಲಿ ವರ್ತಕ ಎಣಿಸಿದ. ಅವರು ನಮ್ಮ ಬೀದಿಯ ಕುಂಬಾರಜ್ಜ. ದೂರ ನಡೆಯಲಾರರು. ಮನೆ ನಿನ್ನ ಗುಡ್ಡದ ಬುಡದಲ್ಲೇ ಇದೆ.

ಎಲೆ ಅಡಿಕೆ ಹಾಕಿಕೊಂಡು ಮುಗಿಸುವಷ್ಟರಲ್ಲಿ ಇಳಿದು ಮುಟ್ಟಬಹುದಾದ ಮನೆ. ವರ್ತಕ ತಾನೇ ಓಡಿದ. ಮಗಳು ಕೈಗೆ ಹತ್ತಿದ ಮಣ್ಣು ತೊಳೆಯದೆ ಗುಡ್ಡ ಹತ್ತಿ ಬಂದಳು. ಅಪ್ಪನ ಕೈ ಇನ್ನೂ ಬೆಚ್ಚಗಿತ್ತು. ಉಸಿರು ನಿಂತಿತ್ತು.

ಅವಳು ಅಳಲಿಲ್ಲ. "ಬೆಳಿಗ್ಗೆಯಿಂದ ಇಲ್ಲೇ ಇದ್ರಾ?" ಎಂದು ಕೇಳಿದಳು.

"ಇಲ್ಲೇ ಇದ್ರಮ್ಮ" ಎಂದ ವರ್ತಕ.

ಗುರುಗಳು ಅಷ್ಟಕ್ಕೆ ಸುಮ್ಮನಾದರು. ಚನ್ನಮಲ್ಲ ಕೀಲಿಕೈ ತಿರುಗಿಸುವುದನ್ನು ಯಾವಾಗಲೋ ಬಿಟ್ಟಿದ್ದ. ಮಠದ ಅಂಗಳವೂ ಒಂದು ಗುಡ್ಡದ ನೆತ್ತಿಯೇನೋ, ಆಚೆಗೆ ಬರಿ ಮೋಡವೇನೋ ಎನ್ನಿಸುತ್ತಿತ್ತು ಅವನಿಗೆ.

"ಆಮೇಲೆ ಜನ ಅವನನ್ನು ನಂಬಿದರೇ?" ಎಂದ.

"ಬಹಳ ಮಂದಿ ಬರಲಿಲ್ಲ. ಬೀಗ ಮಾತ್ರ ಹಾಗೇ ಇತ್ತು. ಯಾಕೆ ಹಾಕಿದೆ ಎಂದು ಕೇಳಿದವರಿಗೆಲ್ಲ ಅವನು ನಿಜ ಹೇಳುತ್ತಿದ್ದ. ಮಳೆಗಾಲ ಕಳೆದು ಬಿಸಿಲು ಬಿದ್ದ ಮೇಲೆ ಒಂದು ದಿನ ಮುದುಕಿ ಬಂದಳು. ಒಂದು ಗರಿ ಕೇಳಿ ಇಸಿದುಕೊಂಡು, ಅವನಿಗೆ ಬೆನ್ನು ಮಾಡಿ ಕೂತು ಬರೆದಳು. ಕುಡಿಕೆಗೆ ಹಾಕಿ ಅರಗು ಒತ್ತಿ ಅವನ ಕೈಗೆ ಕೊಟ್ಟಳು."

"ನಿಜವಾದ ಹೆಸರೇ ಬರೆದಳೇ?"

"ಅವನು ತೆರೆದು ನೋಡಲಿಲ್ಲ. ಹಾಗಾಗಿ ಅವನಿಗೆ ಇವತ್ತಿಗೂ ಗೊತ್ತಿಲ್ಲ."

ಚನ್ನಮಲ್ಲ ಕೀಲಿಕೈಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ. "ಹಾಗಿದ್ದರೆ ಪರಿಚಯದವರಿಗೆ ನಾನು ಏನಂತ ಹೇಳಲಿ?"

ಗುರುಗಳು ಎದ್ದು ಹೆಗಲ ಬಟ್ಟೆ ಕೊಡವಿಕೊಂಡರು.

"ನಮ್ಮ ಚೀಟಿ ಪೆಟ್ಟಿಗೆಗೆ ಹೊಸ ಬೀಗ ಬಂದು ಇವತ್ತಿಗೆ ಎಂಟು ದಿನ ಆಯಿತು, ಚನ್ನಮಲ್ಲ."