ರಾವುತನನ್ನು ತೊಟ್ಟಿಲಿಗೆ ಹಾಕಿದ್ದು

ಒಂದಾನೊಂದು ಕಾಲದಲ್ಲಿ, ಒಂದೇ ತಾಯಿಯ ಹಾಲು ಕುಡಿದ ಇಬ್ಬರು ದೊರೆಮಕ್ಕಳು ಒಂದೇ ಗದ್ದುಗೆಗೆ ಕಿತ್ತಾಡುತ್ತಿದ್ದರಂತೆ. ಅಣ್ಣ ಮೇಲಿನ ಕೋಟೆ ಹಿಡಿದ, ತಮ್ಮ ಕೆಳಗಿನ ಕೋಟೆ ಹಿಡಿದ, ನಾಡು ಹಳೇ ಸೀರೆ ಹರಿದ ಹಾಗೆ ಎರಡು ಸೀಳಾಯಿತು. ಬೀಗರ ಮೇಲೆ ಬೀಗರು, ಮಾವನ ಮೇಲೆ ಅಳಿಯ ಕತ್ತಿ ಎತ್ತಿದರಂತೆ. ಹ್ಞೂಂ ಅನ್ನುತ್ತಾ ಕೇಳು, ಇಲ್ಲದಿದ್ದರೆ ನಿಲ್ಲಿಸಿಬಿಡ್ತೀನಿ.

ಅಣ್ಣದೊರೆಯ ಕುದುರೆ ದಳಕ್ಕೆ ಬಿಲ್ಲಯ್ಯ ಅಂತ ನಾಯಕ. ರಾವುತ ಬಿಲ್ಲಯ್ಯ ಅಂದರೆ ಅಳುವ ಮಕ್ಕಳೂ ಬಾಯಿ ಮುಚ್ಚುತ್ತಿದ್ದವಂತೆ. ಅವನು ಹಠದಲ್ಲಿ ಕಲ್ಲಾದರೆ ಅವನ ಹೆಂಡತಿ ಸಂಕವ್ವ ಕಲ್ಲು ಸೀಳುವ ಉಳಿ. ಒಂದು ಸಲ ಹೊಳೆ ದಾಟುವ ಕಡವಿನಲ್ಲಿ ದೊಡ್ಡ ಕಾಳಗವಾಗಿ, ಬಿಲ್ಲಯ್ಯ ಕುದುರೆ ಸಮೇತ ಮಡುವಿಗೆ ಬಿದ್ದ, ಹೆಣವೂ ಸಿಗಲಿಲ್ಲ ಅಂತ ಸುದ್ದಿ ಬಂತು. ಊರವರು ಅತ್ತರು, ಆಮೇಲೆ ಕಲ್ಲುಕುಟಿಗ ಮಾಚೋಜನಿಗೆ ವೀರಗಲ್ಲು ಕೆತ್ತೋಕೆ ಹೇಳಿದರು. ವೀರಗಲ್ಲಿಗೆ ಮೂರು ಅಂಕಣ. ಕೆಳಗೆ ಕಾಳಗ, ನಡುವೆ ಸತ್ತವನನ್ನು ಮೇಲಕ್ಕೆತ್ತಿಕೊಂಡು ಹೋಗುವ ದೇವಕನ್ಯೆಯರು, ತುದಿಯಲ್ಲಿ ಕೈಲಾಸ. ಕಾರ್ಯ ತಡವಾಗಬಾರದು ಅಂತ, ಕೆಳಗಿನ ಅಂಕಣ ಮುಗಿದ ಕೂಡಲೇ, ಮೇಲಿನೆರಡು ಖಾಲಿ ಇದ್ದ ಹಾಗೇ ಕಲ್ಲು ನೆಟ್ಟರು. ಸಂಕವ್ವ ಅದರ ಮುಂದೆ ಬಳೆ ಒಡೆದಳು, ಎಡೆ ಇಟ್ಟಳು, ತಿಥಿಯೂ ಆಯಿತು.

ಎಡೆಯ ಅನ್ನ ಆರಿರಲಿಲ್ಲ, ನಡುಮಧ್ಯಾಹ್ನದ ಬಿಸಿಲಲ್ಲಿ, ಹೊಳೆ ಕೆಳಗೆಲ್ಲೋ ಈಜಿ ದಡ ಹತ್ತಿದ್ದ ಬಿಲ್ಲಯ್ಯ ತನ್ನ ಕೆಂಪು ಕುದುರೆ ಮೇಲೆ ಊರೊಳಗೆ ಬಂದನಂತೆ. ಯಾರಪ್ಪಾ ಸತ್ತೋರು ಅಂತ ಕೇಳಿದ. ನೀನೇ ಕಣಪ್ಪಾ ಅಂದ ಮಾಚೋಜ.

ಆಗ ಸೂಲಗಿತ್ತಿ ದುರುಗಜ್ಜಿ ಅವನ ದಾರಿಗೆ ಅಡ್ಡ ನಿಂತಳು. ತಿಥಿ ಮಾಡಿಸಿಕೊಂಡವನು ಹಾಗೇ ಹೊಸಿಲು ದಾಟಬಾರದು ಕಣೋ, ಮತ್ತೆ ಹುಟ್ಟಬೇಕು. ತೊಟ್ಟಿಲಲ್ಲಿ ಮಲಗು, ಹೊಸ ಹೆಸರು ಕರೀತೀವಿ, ಆಮೇಲೆ ಇವಳಿಗೆ ಮತ್ತೆ ತಾಳಿ ಕಟ್ಟು. ಇಲ್ಲದಿದ್ದರೆ ಎಡೆ ಉಂಡ ಕಲ್ಲು ಸುಮ್ಮನೆ ಬಿಡಲ್ಲ ಅಂದಳು. ಬಿಲ್ಲಯ್ಯ ಮೀಸೆ ತಿರುವಿ ನಕ್ಕ. ನಾನು ತೊಟ್ಟಿಲಲ್ಲಿ ಮಲಗಿದರೆ ಕೆಳಗಿನ ಕೋಟೆಯವರು ಜೋಗುಳ ಹಾಡ್ತಾರಜ್ಜೀ ಅಂದ. ಹಾಡಲಿ ಬಿಡು, ನನ್ನ ಬರಿಗೈ ನೋಡು ಅಂದಳು ಸಂಕವ್ವ. ಬಳೆ ತೊಟ್ಕೊ, ಯಾರು ಬೇಡ ಅಂದರು ಅಂತ ಕುದುರೆ ತಿರುಗಿಸಿ ಹೊರಟೇ ಹೋದ.

ಮೊದಲ ಸಲ ಒಬ್ಬನೇ ಕೆಳಗಿನ ಕೋಟೆಯ ಕಂದಕ ಹಾರಿ, ಲಾಯದ ಕುದುರೆಗಳನ್ನೆಲ್ಲ ಬಿಚ್ಚಿ ಹೊಡೆದುಕೊಂಡು ಬಂದನಂತೆ. ಬಾಣ ಮಳೆ ಸುರಿದ ಹಾಗೆ ಸುರಿದರೂ ಒಂದೂ ತಾಗಲಿಲ್ಲ. ಊರಿಗೆ ಊರೇ ಕೂಗಿ ಕುಣಿಯಿತು. ಸಂಕವ್ವ ಆರತಿ ಹಿಡಿದು ಬಂದಳು. ಬೆಳಗಿನ ಎಳೆಬಿಸಿಲು, ಎಲ್ಲರ ನೆರಳೂ ಉದ್ದಕ್ಕೆ ಬಿದ್ದಿದೆ, ಇವನ ನೆರಳೇ ಇಲ್ಲ. ಅವಳು ಆರತಿ ಎತ್ತದೆ ತಟ್ಟೆ ಕೆಳಗಿಟ್ಟಳು.

ಎರಡನೇ ಸಲ ಹಾಡುಹಗಲೇ ಪಾಳೆಯಕ್ಕೆ ನುಗ್ಗಿ ತಮ್ಮದೊರೆಯ ಗುಡಾರದ ಮುಂದಿನ ಬಾವುಟ ಕಿತ್ತು ತಂದ. ಈಟಿ ಅವನ ಎದೆಯೊಳಗೆ ಹೊಕ್ಕು ಹೊಗೆಯಿಂದ ಬಂದ ಹಾಗೆ ಆಚೆ ಬಂತಂತೆ, ಒಂದು ತೊಟ್ಟು ರಕ್ತ ಇಲ್ಲ. ಅವತ್ತು ಕುದುರೆ ಬಂದದ್ದೇ ಸಂಕವ್ವನಿಗೆ ಕೇಳಿಸಲಿಲ್ಲ, ಗೊರಸಿಗೆ ಸದ್ದೇ ಇಲ್ಲ. ಮುದ್ದೆ ಬಡಿಸಿದಳು. ಅವನು ಮುರಿದ, ನುಂಗಿದ, ಕೈ ತೊಳೆದ. ತಟ್ಟೆಯಲ್ಲಿ ಮುದ್ದೆ ಇಟ್ಟದ್ದು ಇಟ್ಟ ಹಾಗೇ ಇತ್ತು.

ಸಂಕವ್ವ ಕಲ್ಲಿನ ಹತ್ತಿರ ಓಡಿದಳು. ಮಾಚೋಜ ಉಳಿ ಮುಟ್ಟದ ನಡುವಿನ ಅಂಕಣದಲ್ಲಿ ಇಬ್ಬರು ಹೆಣ್ಣುಗಳು ಒಬ್ಬ ಗಂಡಸಿನ ಕಂಕುಳಿಗೆ ಕೈ ಕೊಟ್ಟು ಎತ್ತುತ್ತಿದ್ದರು. ಮುಖ ಬಿಲ್ಲಯ್ಯನದೇ. ಮುಟ್ಟಿದಳು, ಕಲ್ಲು ಈಗ ತಾನೇ ಎದ್ದುಹೋದವನ ಹಾಸಿಗೆ ಹಾಗೆ ಬೆಚ್ಚಗಿತ್ತು. ಉಳಿದದ್ದು ತುದಿಯ ಅಂಕಣ ಒಂದೇ. ಇನ್ನೊಂದು ಸಲ ಹೋದರೆ ಇವನು ಬರಲ್ಲ ಅಂತ ಅವಳಿಗೆ ತಿಳಿದುಹೋಯಿತು.

ಅಷ್ಟರಲ್ಲಿ ಅಣ್ಣದೊರೆಯ ಅಪ್ಪಣೆಯಾಗಿತ್ತು, ತಮ್ಮನ ತಲೆ ತಗೊಂಡು ಬಾ ಅಂತ. ಇವನನ್ನು ಕಳಿಸಬೇಡಿ ಅಂತ ಸಂಕವ್ವ ದೊರೆಯ ಮುಂದೆ ಸೆರಗೊಡ್ಡಿದಳು. ಸಾವೇ ಮುಟ್ಟದ ರಾವುತನನ್ನು ಯಾರು ಬಿಡ್ತಾರೆ, ಹೋಗಮ್ಮ ಅಂದ ದೊರೆ. ಕಲ್ಲು ಒಡೆದುಹಾಕು ಅಂತ ಮಾಚೋಜನ ಕಾಲು ಹಿಡಿದಳು. ಅವನ ಉಸಿರು ಅದರೊಳಗಿದೆ ತಾಯಿ, ಅದು ಒಡೆದರೆ ಅವನೂ ಒಡೀತಾನೆ ಅಂದ. ದುರುಗಜ್ಜಿ ಮಾತ್ರ ಹಳೇ ಮಾತನ್ನೇ ಹೇಳಿದಳು. ತೊಟ್ಟಿಲು ನನ್ನ ಹತ್ತಿರ ಇದೆ, ಆದರೆ ಅವನಾಗಿ ಮಲಗಬೇಕು.

ಸರಿ, ಸಂಕವ್ವ ತೊಟ್ಟಿಲು ತಲೆ ಮೇಲೆ ಹೊತ್ತಳು. ಎರಡು ದಂಡೂ ಎದುರುಬದುರಾಗಿ ನಿಂತಿದ್ದ ಕಡವಿಗೆ ದುರುಗಜ್ಜಿಯ ಜೊತೆ ನಡೆದು, ನಡುವಿನ ಮರಳ ದಿಬ್ಬದಲ್ಲಿದ್ದ ಒಣಮರಕ್ಕೆ ಅದನ್ನು ಕಟ್ಟಿ, ಬರಿ ತೊಟ್ಟಿಲು ತೂಗುತ್ತಾ ಜೋಗುಳ ಹೇಳೋಕೆ ಶುರು ಮಾಡಿದಳಂತೆ. ಎರಡು ದಂಡಿನವರೂ ಕತ್ತಿ ಇಳಿಸಿದರು. ಕುದುರೆಗಳೂ ಕಿವಿ ನಿಮಿರಿಸಿ ನಿಂತವು.

ಬಿಲ್ಲಯ್ಯ ನುಗ್ಗಿ ಬಂದ. ನನ್ನ ಮಾನ ಕಳೀತೀಯೇನೇ ಅಂದ. ಮಾನ ಹಾಗಿರಲಿ, ನಿನ್ನ ನೆರಳೆಲ್ಲಿ ತೋರಿಸು ಅಂದಳು. ಅವನು ಕೆಳಗೆ ನೋಡಿದ. ಮರಳು ಖಾಲಿ. ಹಿಂದೆ ತಿರುಗಿ ನೋಡಿದ. ಬಂದ ದಾರಿಯಲ್ಲಿ ಒಂದು ಗೊರಸಿನ ಗುರುತೂ ಇಲ್ಲ. ಬಾಣಕ್ಕೆ ಹೆದರದವನ ದನಿ ಅವತ್ತು ಕುಗ್ಗಿತು. ಸಂಕೀ, ನನಗೆ ಹಸಿವಾಗಿ ಎಷ್ಟು ದಿನ ಆಯಿತೇ ಅಂದ.

ಆಮೇಲೆ ಕತ್ತಿ ಇಟ್ಟ, ರುಮಾಲು ಇಟ್ಟ, ಮೊಣಕಾಲು ಮಡಿಸಿ ತೊಟ್ಟಿಲಲ್ಲಿ ಮಲಗಿದ. ದುರುಗಜ್ಜಿ ಸಾವಿಗೂ ಬೇಡವಾಗುವ ಹಾಗೆ ಕಸದ ತಿಪ್ಪೆಯ ಹೆಸರು ಹುಡುಕಿ ಕಿವಿಯಲ್ಲಿ ತಿಪ್ಪಾ, ತಿಪ್ಪಾ, ತಿಪ್ಪಾ ಅಂತ ಕೂಗಿ, ಅಂಗಾಲು ಚಿವುಟಿದಳು. ಅವನು ಕೂಸಿನ ಹಾಗೆ ಅತ್ತ. ಅಳುತ್ತಿದ್ದಂತೆ ಮರಳ ಮೇಲೆ ತೊಟ್ಟಿಲ ನೆರಳಿನೊಳಗಿಂದ ಅವನ ಕೈಕಾಲಿನ ನೆರಳು ಹೊರಗೆ ಚಾಚಿತಂತೆ.

ಎದ್ದು ಹೋಗಿ ತಮ್ಮನ ತಲೆ ಕಡಿ ಅಂತ ಅಣ್ಣದೊರೆ ಕೂಗಿದ. ಈಗ ಹುಟ್ಟಿದ ಕೂಸು, ಇದಕ್ಕೆ ಯಾವ ದೊರೆಯ ಅನ್ನದ ಋಣ ಸ್ವಾಮಿ ಅಂದಳು ದುರುಗಜ್ಜಿ. ಆ ದಡದಿಂದ ಒಬ್ಬ ರಾವುತ ಕುದುರೆ ಇಳಿದು ಬಂದ. ಅಜ್ಜೀ, ನಾನು ನನ್ನ ಮಾವನನ್ನೇ ಕಡಿದವನು, ನನಗೂ ಜಾಗ ಇದೆಯಾ ಅಂದ. ಅವನ ಹಿಂದೆ ಇನ್ನೊಬ್ಬ, ಈ ದಡದಿಂದ ಮತ್ತೊಬ್ಬ. ಹೊತ್ತು ಇಳಿಯುವಷ್ಟರಲ್ಲಿ ಹೊಳೆ ತುಂಬ ಹೊಸ ಹೆಸರಿನವರು, ದಂಡೇ ಇಲ್ಲ. ಉಳಿದವರು ದೊರೆಗಳಿಬ್ಬರೇ. ಬನ್ರಪ್ಪಾ, ಮೊದಲೂ ನೀವು ಒಂದೇ ತೊಟ್ಟಿಲಲ್ಲಿ ಮಲಗಿದವರಲ್ವಾ ಅಂದಳಂತೆ ಅಜ್ಜಿ.

ಅವರೂ ಕತ್ತಿ ಇಟ್ಟು ತೊಟ್ಟಿಲಲ್ಲಿ ಮಲಗಿ ಎದ್ದರು, ಗದ್ದುಗೆ ಇಬ್ಬರಿಗೂ ಆಯಿತು. ತಿಪ್ಪ ಸಂಕವ್ವನಿಗೆ ಮತ್ತೆ ತಾಳಿ ಕಟ್ಟಿದ, ಅವಳು ಮೊಣಕೈವರೆಗೆ ಹಸಿರು ಬಳೆ ತೊಟ್ಟಳು, ಅವನು ತಟ್ಟೆ ಬಳಿದು ಉಂಡು ಇನ್ನೊಂದು ಮುದ್ದೆ ಕೇಳಿದ. ಆ ಕಲ್ಲು ಇನ್ನೂ ಅಲ್ಲೇ ಇದೆಯಂತೆ. ತುದಿಯಲ್ಲಿ ಕೈಲಾಸ ಇಲ್ಲ, ಒಂದು ಖಾಲಿ ತೊಟ್ಟಿಲಿದೆ. ನಡುಮಧ್ಯಾಹ್ನ ಕಿವಿಗೊಟ್ಟರೆ ಕಿರ್, ಕಿರ್ ಅಂತ ತೂಗುವ ಸದ್ದು ಕೇಳುತ್ತಂತೆ.

ಹ್ಞೂಂ ಅನ್ನೋದು ಯಾವಾಗಲೋ ನಿಂತಿದೆ. ಮಲ್ಕೊ ಕಂದಾ, ನಿನ್ನ ಹೆಸರು ನಿನ್ನ ಹತ್ತಿರವೇ ಇದೆ, ಕತೆ ಮುಗೀತು.